ಪ್ರೀತಿಗೆ ಎಷ್ಟು ಭಾಷೆ?

ಕನ್ನಡದಲ್ಲಿ ಸ್ನೇಹವೆಂದರೆ ಗೆಳೆತನ. ಕಾಸರಗೋಡು ದಾಟಿ ಆಚೆ ಹೋದರೆ ಮಲಯಾಳದಲ್ಲಿ ಅದೇ ಶಬ್ದ ಪ್ರೀತಿಯಾಗಿಬಿಡುತ್ತದೆ. ತುಳುವಿನಲ್ಲಿ ಮೋಕೆ, ಕೊಂಕಣಿಯಲ್ಲಿ ಮೋಗ್, ನಮ್ಮ ಬ್ಯಾರಿ ಮನೆಗಳಲ್ಲಿ ಪಿರ್ಸ. ಉರ್ದು ಮಾತನಾಡುವವರಿಗೆ ಮುಹಬ್ಬತ್ ಬೇರೆ, ಇಷ್ಕ್ ಬೇರೆ. ಕನ್ನಡದಲ್ಲೇ ಒಲವು, ಅಕ್ಕರೆ, ಮಮತೆ, ವಾತ್ಸಲ್ಯ ಎಂದು ಎಷ್ಟೊಂದು ಶಬ್ದಗಳಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಸರಿಹೊಂದುವುದಿಲ್ಲ. ಹೆಂಡತಿಯ ಮೇಲೆ ನನಗೆ ಬಹಳ ವಾತ್ಸಲ್ಯವಿದೆ ಎಂದು ಯಾರಾದರೂ ಹೇಳಿದರೆ ಮೊದಲು ನಗುವವಳು ಆಕೆಯೇ.

ಇಷ್ಟೆಲ್ಲ ಭಾಷೆಗಳು ಕಿವಿಗೆ ಬೀಳುವ ಕರಾವಳಿಯ ಊರಿನಲ್ಲಿ ನಾನು ಬೆಳೆದೆ. ಆದರೆ ಗಂಡ ಹೆಂಡತಿಗಾಗಲಿ, ಹೆಂಡತಿ ಗಂಡನಿಗಾಗಲಿ ಈ ಶಬ್ದಗಳಲ್ಲಿ ಒಂದನ್ನಾದರೂ ಹೇಳಿದ್ದನ್ನು ಚಿಕ್ಕಂದಿನಲ್ಲಿ ನಾನು ಕೇಳಿದವಳಲ್ಲ. ಇದನ್ನು ಅಂದಾಜಿನಿಂದ ಹೇಳುತ್ತಿಲ್ಲ. ಸುಮಾರು 8 ವರ್ಷ ನಮ್ಮ ಓಣಿಯ ಹೆಂಗಸರಿಗೆ ಕಾಗದ ಬರೆದುಕೊಟ್ಟವಳು, ಅವರಿಗೆ ಬಂದ ಕಾಗದ ಓದಿ ಹೇಳಿದವಳು ನಾನು.

1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ದೇಶಗಳಲ್ಲಿ ಕೆಲಸಕ್ಕೆ ಜನ ಬೇಕಾಯಿತು. ನಮ್ಮ ಕರಾವಳಿಯಿಂದ ಗಂಡಸರು ಹೊರಟರು. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ನೇರ ವಿಮಾನ ಶುರುವಾಗುವವರೆಗೆ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕುಳಿತು ಬೊಂಬಾಯಿ ಸೇರಿ, ಅಲ್ಲಿಂದ ವಿಮಾನ ಹತ್ತಬೇಕಿತ್ತು. ಎರಡು ವರ್ಷಕ್ಕೊಮ್ಮೆ ರಜೆ, ಕೆಲವರಿಗೆ ಮೂರು ವರ್ಷಕ್ಕೊಮ್ಮೆ. ಮದುವೆಯಾಗಿ ಎರಡು ತಿಂಗಳಿಗೆ ಹೊರಟವರ ಹೆಂಡತಿಯರು ನಮ್ಮ ಓಣಿಯಲ್ಲಿ ನಾಲ್ಕೈದು ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರಿಗೆ ಕುರ್‌ಆನ್ ಓದಲು ಬರುತ್ತಿತ್ತು, ಕನ್ನಡ ಬರೆಯಲು ಬರುತ್ತಿರಲಿಲ್ಲ. ನಾನು ಆಗ ಕನ್ನಡ ಶಾಲೆಯ 6ನೇ ತರಗತಿ. ಕೈಬರಹ ದುಂಡಗಿತ್ತು. ಅಷ್ಟು ಅರ್ಹತೆ ಸಾಕಾಯಿತು.

ನನ್ನ ಉಮ್ಮ ಒಂದೇ ಷರತ್ತು ಹಾಕಿದ್ದರು: ಒಬ್ಬರ ಮನೆಯಲ್ಲಿ ಬರೆದದ್ದು ಇನ್ನೊಬ್ಬರ ಮನೆಗೆ ಹೋಗಬಾರದು. ಇಷ್ಟು ವರ್ಷ ಅದನ್ನು ಪಾಲಿಸಿದ್ದೇನೆ. ಈಗ ಬರೆಯುತ್ತಿರುವುದರಲ್ಲೂ ಯಾರ ಗುರುತೂ ಸಿಗದಂತೆ ನೋಡಿಕೊಂಡಿದ್ದೇನೆ. ಅವರಲ್ಲಿ ಅನೇಕರು ಈಗ ಇಲ್ಲ.

ಮಧ್ಯಾಹ್ನ ಊಟವಾಗಿ, ಅತ್ತೆಯಂದಿರು ಅಡ್ಡಾದ ಹೊತ್ತಿನಲ್ಲಿ ಅವರು ನನ್ನನ್ನು ಕರೆಯುತ್ತಿದ್ದರು. ಏರೋಗ್ರಾಮ್ ಕಾಗದ ಮೊದಲೇ ತರಿಸಿ, ಕಪಾಟಿನಲ್ಲಿ ಬಟ್ಟೆಯ ಮಡಿಕೆಯ ನಡುವೆ ಇಟ್ಟಿರುತ್ತಿದ್ದರು. ಮೇಲೆ 786, ಸಲಾಂ, ನಾವಿಲ್ಲಿ ಅಲ್ಲಾಹನ ಕೃಪೆಯಿಂದ ಕ್ಷೇಮ, ನಿಮ್ಮ ಕ್ಷೇಮಕ್ಕೆ ದುಆ ಮಾಡುತ್ತಿದ್ದೇವೆ. ಇಷ್ಟನ್ನು ಅವರು ಹೇಳಬೇಕಾಗಿಯೇ ಇರಲಿಲ್ಲ, ನಾನೇ ಬರೆದುಬಿಡುತ್ತಿದ್ದೆ. ಆಮೇಲೆ ಶುರುವಾಗುತ್ತಿತ್ತು. ದನ ಕರು ಹಾಕಿತು, ಹೆಣ್ಣು ಕರು. ಮಾಡಿನ 12 ಹಂಚು ಒಡೆದಿದೆ. ಅತ್ತೆಯ ಮಂಡಿನೋವಿಗೆ ನೀವು ಕಳಿಸಿದ ಎಣ್ಣೆ ಮುಗಿಯಿತು. ದೊಡ್ಡವನು ಮದರಸದಲ್ಲಿ ಮೊದಲ ಸ್ಥಾನ. ಅಡವಿಟ್ಟ ಬಳೆ ಬಿಡಿಸಿದೆ. ಕಾಗದದ ಮೂರೂ ಮಡಿಕೆ ತುಂಬುತ್ತಿತ್ತು. ಆ ಹೆಂಗಸಿನ ಬಗ್ಗೆ ಮಾತ್ರ ಅದರಲ್ಲಿ ಒಂದು ಸಾಲೂ ಇರುತ್ತಿರಲಿಲ್ಲ. ‘ನಿಮ್ಮ ಬಗ್ಗೆ ಏನಾದರೂ ಬರೆಯಲೇ?’ ಎಂದು ಕೇಳಿದರೆ, ‘ನನ್ನದೇನಿದೆ? ನಾನು ಇದ್ದೇನಲ್ಲ’ ಎನ್ನುತ್ತಿದ್ದರು.

ಅವರಲ್ಲಿ ಒಬ್ಬರು ಪ್ರತಿ ಕಾಗದವನ್ನೂ ಒಂದೇ ಮಾತಿನಿಂದ ಮುಗಿಸುತ್ತಿದ್ದರು: ಅಂಗಳದ ಮಲ್ಲಿಗೆ ಬಿಟ್ಟಿದೆ. ಬೇಸಿಗೆಯಲ್ಲಿ ಸರಿ. ಜುಲೈ ತಿಂಗಳ ಜಡಿಮಳೆಯಲ್ಲೂ ಅದನ್ನೇ ಹೇಳಿದಾಗ ನಾನು ಕಿಟಕಿಯಿಂದ ಅಂಗಳ ನೋಡಿ, ‘ಹೂವೆಲ್ಲಿದೆ?’ ಎಂದೆ. ಅವರು ನೆಲ ನೋಡುತ್ತಾ, ‘ನೀನು ಬರಿ’ ಎಂದರು. ಹನ್ನೊಂದು ವರ್ಷದ ಹುಡುಗಿಗೆ ಅದು ಸುಳ್ಳಾಗಿ ಕಂಡಿತ್ತು. ಅದೊಂದು ಗುಟ್ಟಿನ ಮಾತು, ಅದರ ಅರ್ಥ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತು ಎಂಬುದು ಹೊಳೆಯಬೇಕಾದರೆ ನನಗೂ ಮದುವೆಯಾಗಬೇಕಾಯಿತು.

ಗಂಡಸರ ಕಾಗದಗಳೂ ಹಾಗೆಯೇ. ಒಬ್ಬರು ಎಲ್ಲ ಕಾಗದಗಳಲ್ಲಿ ಬಾವಿಯ ಹಗ್ಗದ ಬಗ್ಗೆ ವಿಚಾರಿಸುತ್ತಿದ್ದರು. ಹಗ್ಗ ಸವೆದಿದೆಯೆಂದು ಅವರು ಹೊರಡುವಾಗಲೇ ನೋಡಿದ್ದರಂತೆ. ಬದಲಿಸಿದೆಯಾ? ಕೈಗೆ ಸಿಬಿರು ಚುಚ್ಚುತ್ತಿಲ್ಲವೇ? ಮಳೆಗಾಲದಲ್ಲಿ ಕಟ್ಟೆ ಜಾರುತ್ತದೆ, ಎರಡು ಕೊಡ ಒಟ್ಟಿಗೆ ಎತ್ತಬೇಡ. ಹಗ್ಗ ಬದಲಿಸಿದ್ದೇವೆ ಎಂದು ನಾನೇ ಎರಡು ಸಲ ಬರೆದಿದ್ದೆ. ಆದರೂ ಮುಂದಿನ ಕಾಗದದಲ್ಲಿ ಹೊಸ ಹಗ್ಗ ಹೇಗಿದೆ ಎಂಬ ಪ್ರಶ್ನೆ. ಓದುವಾಗ ನನಗೆ ನಗು ಬರುತ್ತಿತ್ತು. ಕೇಳುವವರ ಮುಖದಲ್ಲಿ ಬೇರೇನೋ ಇರುತ್ತಿತ್ತು. ಹಗ್ಗದ ಭಾಗ ಇನ್ನೊಮ್ಮೆ ಓದು ಎನ್ನುತ್ತಿದ್ದರು.

ಆ ಕಡೆಯ ಸ್ಥಿತಿಯೂ ಹೆಚ್ಚು ಭಿನ್ನವಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಮ್ಮ ಸಂಬಂಧಿಕರೊಬ್ಬರು ಶಾರ್ಜಾದಲ್ಲಿ ಒಂದು ಕೋಣೆಯಲ್ಲಿ 10 ಮಂದಿಯೊಂದಿಗೆ ಇದ್ದವರು. ಹತ್ತನೇ ತರಗತಿ ಮುಗಿಸಿದ್ದ ತಪ್ಪಿಗೆ ಶುಕ್ರವಾರ ಜುಮಾ ಕಳೆದ ಮೇಲೆ ಎಲ್ಲರ ಕಾಗದವನ್ನೂ ಬರೆಯಬೇಕಾಗುತ್ತಿತ್ತು ಎಂದು ನಗುತ್ತಾ ಹೇಳಿದ್ದರು. ಅಂದರೆ ಹೇಳುವವನ ಬಾಯಿಗೂ ಕೇಳುವವಳ ಕಿವಿಗೂ ನಡುವೆ ಇಬ್ಬರು ಮೂರನೆಯವರು. ಅಲ್ಲಿ ಬೆವರು ಒರೆಸಿಕೊಳ್ಳುತ್ತಾ ಬರೆಯುವ ಒಬ್ಬ ಯುವಕ, ಇಲ್ಲಿ ಎರಡು ಜಡೆಯ ಒಬ್ಬ ಹುಡುಗಿ. ಇಂಥ ಕಾಗದದಲ್ಲಿ ಯಾರು ತಾನೇ ಎದೆ ಬಿಚ್ಚಿಯಾರು? ಮಾತು ಹಗ್ಗವಾಗಿ, ಮಲ್ಲಿಗೆಯಾಗಿ ಹೋಗುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಕ್ಯಾಸೆಟ್ಟು ಬಂದ ಮೇಲೆ ಬರೆಯುವವರ ಕಾಟ ತಪ್ಪಿತು. ಆದರೆ ಊರಿಗೆ ಬರುವವರ ಕೈಯಲ್ಲಿ ಕಳಿಸಿದ ಕ್ಯಾಸೆಟ್ಟನ್ನು ಕೇಳಲು ಇಡೀ ಮನೆಯೇ ಸುತ್ತ ಕೂರುತ್ತಿತ್ತು. ಬಾಪನಿಗೆ ಸಲಾಂ, ಉಮ್ಮನಿಗೆ ಸಲಾಂ, ತಂಗಿಯ ಗಂಡನಿಗೆ ಸಲಾಂ. ಕೊನೆಗೆ ಸ್ವಲ್ಪ ಹೊತ್ತು ಮೌನ, ಹಿಂದೆ ಏರ್‌ಕಂಡೀಶನರಿನ ಸದ್ದು. ಆಮೇಲೆ ‘ಮತ್ತೆ... ನೀನು ಹುಷಾರಾಗಿರು’. ಅಷ್ಟೇ. ‘ನೀನು’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತು. ಆ ಮನೆಯ ಕ್ಯಾಸೆಟ್ಟು ಕೆಲವು ತಿಂಗಳಲ್ಲಿ ಆ ಜಾಗದಲ್ಲೇ ಸವೆದು, ಸ್ವರ ನೀರಿನೊಳಗಿಂದ ಬಂದಂತೆ ಕೇಳಿಸತೊಡಗಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದನ್ನು ಯಾರು ಎಷ್ಟು ಸಲ ಹಿಂದಕ್ಕೆ ಸುತ್ತಿದ್ದರೆಂದು ಯಾರೂ ಕೇಳಲಿಲ್ಲ.

ಕೇರಳದ ಮಲಬಾರಿನಲ್ಲಿ ಇದೇ ಸಂಕಟ 1970ರ ದಶಕದ ಕೊನೆಯಲ್ಲಿ ಹಾಡಾಗಿಯೇ ಬಂತು. ಎಸ್.ಎ. ಜಮೀಲ್ ಅವರ ‘ದುಬೈ ಕತ್ತ್ ಪಾಟ್ಟ್’. ಊರಿನಲ್ಲಿ ಉಳಿದ ಹೆಂಡತಿ ದುಬೈಯಲ್ಲಿರುವ ಗಂಡನಿಗೆ ಬರೆಯುವ ಕಾಗದವೇ ಆ ಹಾಡು. ಅದಕ್ಕೆ ಗಂಡನ ಉತ್ತರವೂ ಇನ್ನೊಂದು ಹಾಡಾಗಿ ಬಂತು. ನಮ್ಮ ಓಣಿಯ ಹೆಂಗಸರು ಹೇಳದೆ ಉಳಿಸಿದ್ದನ್ನೆಲ್ಲ ಆ ಹೆಂಡತಿ ಹೇಳಿಬಿಟ್ಟಿದ್ದಳು. ನಮ್ಮಲ್ಲಿ ಅದನ್ನು ಗಂಡಸರಿಲ್ಲದ ಹೊತ್ತಿನಲ್ಲಿ, ಸ್ವರ ಸಣ್ಣದು ಮಾಡಿ ಕೇಳುತ್ತಿದ್ದರು.

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು. ನಮ್ಮ ಓಣಿಯ ಒಬ್ಬರು ಅಲ್ಲಿದ್ದರು. ಕಾಗದ ನಿಂತಿತು. ಹತ್ತಿರದ ಅಂಗಡಿಯೊಂದರ ಟೆಲಿಫೋನು ನಮಗೆಲ್ಲ ಪಿ.ಪಿ. ನಂಬರು, ಅದೂ ಸುಮ್ಮನಿತ್ತು. ಆಕೆ ಅಳಲಿಲ್ಲ. ಪ್ರತಿದಿನ ಅಸರ್ ನಮಾಝ್ ಆದ ಮೇಲೆ ಬಂದು ‘ಇವತ್ತಿನ ಪತ್ರಿಕೆಯಲ್ಲಿ ಏನಿದೆ ಓದು’ ಎನ್ನುತ್ತಿದ್ದರು. ಸದ್ದಾಂ, ಬುಷ್, ಅಮ್ಮಾನ್ ಎಂಬ ಹೆಸರುಗಳು ಅವರಿಗೆ ಬಾಯಿಪಾಠವಾದವು. ಆ ದಿನಗಳಲ್ಲಿ ಏರ್ ಇಂಡಿಯಾ ವಿಮಾನಗಳು ಜೋರ್ಡಾನಿನ ಅಮ್ಮಾನಿನಿಂದ ಸುಮಾರು 1,70,000 ಭಾರತೀಯರನ್ನು ಊರಿಗೆ ತಂದವು. ಅವರಲ್ಲಿ ಒಬ್ಬರಾಗಿ ಆಕೆಯ ಗಂಡ ಅಕ್ಟೋಬರಿನಲ್ಲಿ ಬಂದಿಳಿದರು. ಹದಿನಾಲ್ಕು ವರ್ಷದ ದುಡಿಮೆಯಲ್ಲಿ ಕೈಗೆ ಬಂದದ್ದು ಒಂದು ಬಟ್ಟೆಯ ಚೀಲ. ಅದರಲ್ಲಿ ಎರಡು ಅಂಗಿ, ಒಂದು ಲುಂಗಿ, ಪಾಸ್‌ಪೋರ್ಟು ಮತ್ತು ರಬ್ಬರ್ ಬ್ಯಾಂಡ್ ಹಾಕಿದ ಕಾಗದದ ಕಟ್ಟು. ಆ ದುಂಡು ಅಕ್ಷರ ನನ್ನದು. ಕರು, ಹಂಚು, ಮಂಡಿನೋವುಗಳ ಕಾಗದಗಳನ್ನು ಆ ಮನುಷ್ಯ ಮರುಭೂಮಿ ದಾಟಿಸಿ ತಂದಿದ್ದರು. ಚಿನ್ನ ತರಲಿಲ್ಲವೆಂದು ಬಂಧುಗಳು ಮಾತನಾಡಿಕೊಂಡರು. ಆಕೆ ಯಾರಿಗೂ ಉತ್ತರ ಕೊಡದೆ ಕಟ್ಟನ್ನು ಒಳಗೆ ತೆಗೆದುಕೊಂಡು ಹೋದರು.

ಇಲ್ಲಿಗೆ ನಿಲ್ಲಿಸಿದರೆ ಈ ಬರಹ ಬಹಳ ಹಿತವಾಗಿರುತ್ತದೆ. ಹಿಂದಿನವರ ಮೌನವೇ ಎಷ್ಟು ಚಂದ ಎಂದು ಹೇಳಿ ಮುಗಿಸಬಹುದು. ಆದರೆ ಓದಿ ಹೇಳುತ್ತಿದ್ದವಳಿಗೆ ಬೇರೆ ಕಾಗದಗಳೂ ನೆನಪಿವೆ.

ಒಬ್ಬರಿಗೆ ತಪ್ಪದೆ ಹಣ ಬರುತ್ತಿತ್ತು. ಓಣಿಯಲ್ಲಿ ಮೊದಲು ತಾರಸಿ ಮನೆ ಕಟ್ಟಿದವರೂ ಅವರೇ. ಜೊತೆಗಿರುವ ಕಾಗದದಲ್ಲಿ ಮೂರು ಸಾಲು: ಹಣ ತಲುಪಿತೇ? ಹಿಂದಿನ ತಿಂಗಳ ಲೆಕ್ಕ ಬರೆದು ಕಳಿಸು. ಅನಗತ್ಯ ಖರ್ಚು ಮಾಡಬೇಡ. ತಿಂಗಳು ಬದಲಾದರೂ ಸಾಲು ಬದಲಾಗುತ್ತಿರಲಿಲ್ಲ. ನಾನು ಓದಿ ಮುಗಿಸಿದಾಗ ಆ ಹೆಂಗಸು, ‘ಹಿಂಬದಿ ನೋಡು’ ಎನ್ನುತ್ತಿದ್ದರು. ಹಿಂಬದಿಯಲ್ಲಿ ಏನೂ ಇರುತ್ತಿರಲಿಲ್ಲ. ಮುಂದಿನ ತಿಂಗಳೂ ‘ಹಿಂಬದಿ ನೋಡು’. ಒಂದು ದಿನ ಹಾಗೆ ಹೇಳುವುದನ್ನು ಅವರು ಬಿಟ್ಟುಬಿಟ್ಟರು. ಊರಿನ ದೃಷ್ಟಿಯಲ್ಲಿ ಆಕೆ ಅದೃಷ್ಟವಂತೆ. ಗಂಡ ಒಳ್ಳೆಯವನು, ಕುಡಿತವಿಲ್ಲ, ಇನ್ನೊಂದು ಸಂಸಾರವಿಲ್ಲ, ಹಣ ಕಳಿಸುತ್ತಾನೆ.

ಹಗ್ಗದ ಕಾಗದಕ್ಕೂ ಲೆಕ್ಕದ ಕಾಗದಕ್ಕೂ ಇರುವ ವ್ಯತ್ಯಾಸ ಏನು? ಎರಡರಲ್ಲೂ ‘ಪ್ರೀತಿ’ ಎಂಬ ಶಬ್ದವಿಲ್ಲ. ಆದರೆ ಒಬ್ಬರಿಗೆ ಸಾವಿರಾರು ಮೈಲಿ ದೂರದಿಂದಲೂ ಹೆಂಡತಿಯ ಅಂಗೈ ಕಾಣುತ್ತಿತ್ತು. ಇನ್ನೊಬ್ಬರಿಗೆ ಮನೆ ಕಾಣುತ್ತಿತ್ತು, ಮನೆಯೊಳಗಿನ ಮನುಷ್ಯಳು ಕಾಣುತ್ತಿರಲಿಲ್ಲ. ಹೊರಗಿನವರಿಗೆ ಈ ಎರಡೂ ಮೌನಗಳು ಒಂದೇ. ಹಾಗಾಗಿಯೇ ‘ನಮ್ಮಲ್ಲಿ ಹೇಳುವ ಅಭ್ಯಾಸವಿಲ್ಲ’ ಎಂಬ ಮಾತಿನ ಮೇಲೆ ನನಗೆ ಸಂಶಯ. ಅದರ ನೆರಳಿನಲ್ಲಿ ಎಷ್ಟೋ ಮಂದಿ ಏನೂ ಇಲ್ಲದ್ದನ್ನೂ ಪ್ರೀತಿಯೆಂದು ಸಾಗಿಸಿಬಿಟ್ಟರು.

ಇದು ಹಳೆಯ ಕತೆಯಲ್ಲ. ಎರಡು ವರ್ಷದ ಹಿಂದೆ ನಮ್ಮ ಕುಟುಂಬದ ಒಬ್ಬ ಹುಡುಗಿಯ ವಿಷಯದಲ್ಲಿ ಹಿರಿಯರು ಸೇರಿದ್ದರು. ಡಿಗ್ರಿ ಓದಿದವಳು, ಮದುವೆಯಾಗಿ ನಾಲ್ಕು ವರ್ಷ, ಗಂಡ ರಿಯಾದಿನಲ್ಲಿ. ತವರಿಗೆ ಬಂದು ಕುಳಿತವಳು ಹಿಂದೆ ಹೋಗಲಾರೆ ಎಂದಳು. ಹೊಡೆಯುತ್ತಾನಾ? ಇಲ್ಲ. ಹಣ ಕಳಿಸುವುದಿಲ್ಲವಾ? ಕಳಿಸುತ್ತಾರೆ. ಫೋನ್ ಮಾಡುವುದಿಲ್ಲವಾ? ‘ದಿನಾ ವಿಡಿಯೋ ಕಾಲ್ ಮಾಡ್ತಾರೆ. ದಿನಾ ಐ ಲವ್ ಯೂ ಅಂತಾರೆ. ಇವತ್ತು ಏನು ಮಾಡಿದೆ ಅಂತ ಕೇಳ್ತಾರೆ. ನಾನು ಹೇಳಲು ಶುರು ಮಾಡಿದ ಕೂಡಲೇ ಅವರ ಕಣ್ಣು ಬೇರೆ ಕಡೆ ಹೋಗ್ತದೆ. ಫೋನಿನಲ್ಲೇ ಇನ್ನೇನೋ ನೋಡ್ತಾ ಇರ್ತಾರೆ.’ ಹಿರಿಯರೊಬ್ಬರು ನಕ್ಕೇಬಿಟ್ಟರು. ‘ನಿನ್ನ ಅಜ್ಜಿಗೆ ವರ್ಷಕ್ಕೆ ಆರು ಕಾಗದ ಬಂದರೆ ಹೆಚ್ಚು. ಅವರು ಬಾಳಲಿಲ್ಲವಾ?’

ಆಕೆಯ ಅಜ್ಜಿಯ ಕಾಗದಗಳನ್ನು ಓದಿದವಳು ಅಲ್ಲೇ ಬಾಗಿಲ ಬಳಿ ಕುಳಿತಿದ್ದಳಲ್ಲ, ನಾನು. ‘ಆ ಆರು ಕಾಗದಗಳಲ್ಲಿ ಏನಿತ್ತೆಂದು ನನಗೆ ಗೊತ್ತು. ಈ ಮಗು ಕೇಳುತ್ತಿರುವುದೂ ಅದನ್ನೇ’ ಎಂದೆ. ಮೂರು ಪದದ ಇಂಗ್ಲಿಷ್ ಮಾತು ಅವಳಿಗೆ ದಿನಾ ಸಿಗುತ್ತಿತ್ತು, ಸಿಗದೇ ಇದ್ದದ್ದು ಹಗ್ಗದ ವಿಚಾರಣೆ. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಹುಡುಗ ರಜೆ ಹಾಕಿ ಬರಬೇಕು, ಮೊದಲು ಅವರಿಬ್ಬರೇ ಕುಳಿತು ಮಾತನಾಡಬೇಕು, ಅದರ ನಡುವೆ ಯಾರೂ ಹೋಗಬಾರದು ಎಂದಾಯಿತು. ಅವನು ಬಂದ. ಈಗ ಅವಳೂ ರಿಯಾದಿನಲ್ಲಿದ್ದಾಳೆ. ಒಳಗಿನದನ್ನು ನಾನು ಕೆದಕಿಲ್ಲ.

ಅಂದು ಆ ಹಿರಿಯರು ಇನ್ನೂ ಒಂದು ಮಾತು ಹೇಳಿದ್ದರು: ಪ್ರೀತಿ ಪ್ರೇಮ ಎಂದು ಬಾಯಿಬಿಟ್ಟು ಆಡುವುದು ನಮ್ಮ ಪದ್ಧತಿಯಲ್ಲ, ಸಿನಿಮಾದವರದು. ದೀನ್ ತಿಳಿದವರೇ ಹೀಗೆ ಹೇಳುವಾಗ ನನಗೆ ಆಶ್ಚರ್ಯವಾಗುತ್ತದೆ. ಒಬ್ಬ ವ್ಯಕ್ತಿ ದಾರಿಯಲ್ಲಿ ಹೋಗುತ್ತಿದ್ದವನನ್ನು ತೋರಿಸಿ, ಇವನ ಮೇಲೆ ನನಗೆ ಪ್ರೀತಿಯಿದೆ ಎಂದು ಪ್ರವಾದಿವರ್ಯರಲ್ಲಿ(ಸ) ಹೇಳಿದಾಗ, ಅದನ್ನು ಅವನಿಗೆ ತಿಳಿಸಿದ್ದೀಯಾ ಎಂದು ಅವರು ವಿಚಾರಿಸಿದರು. ಇಲ್ಲವೆಂದಾಗ ಹೋಗಿ ತಿಳಿಸುವಂತೆ ಹೇಳಿ ಕಳಿಸಿದರು. ಅಬೂದಾವೂದ್ ಗ್ರಂಥದಲ್ಲಿರುವ ಹದೀಸ್ ಇದು. ದಾರಿಹೋಕ ಸೋದರನಿಗೇ ತಿಳಿಸಬೇಕಾದರೆ ಮನೆಯೊಳಗಿರುವವಳಿಗೆ ತಿಳಿಸುವುದು ಸಿನಿಮಾ ಹೇಗಾಗುತ್ತದೆ? ಜನರಲ್ಲಿ ನಿಮಗೆ ಯಾರು ಹೆಚ್ಚು ಪ್ರಿಯರು ಎಂದು ಸಹಾಬಿಯೊಬ್ಬರು ಕೇಳಿದಾಗ ಪ್ರವಾದಿವರ್ಯರು(ಸ) ಆಯಿಶಾ(ರ) ಎಂದು ಪತ್ನಿಯ ಹೆಸರು ಹೇಳಿದವರು. ನಮ್ಮ ಕಡೆ ಹೆಂಡತಿಯ ಹೆಸರನ್ನು ಮದುವೆಯ ಆಮಂತ್ರಣ ಪತ್ರದಲ್ಲಿ ಅಚ್ಚು ಹಾಕಲೂ ಹಿಂದೆಮುಂದೆ ನೋಡಿದ ಕಾಲವಿತ್ತು.

ಮಾತೇ ಇಲ್ಲದ ರೀತಿಯೂ ಅದೇ ಜೀವನದಲ್ಲಿದೆ. ಆಯಿಶಾ(ರ) ನೀರು ಕುಡಿದು ಕೊಟ್ಟ ಪಾತ್ರೆಯಲ್ಲಿ ಅವರ ತುಟಿ ತಾಗಿದ ಜಾಗಕ್ಕೇ ತುಟಿಯಿಟ್ಟು ಪ್ರವಾದಿವರ್ಯರು(ಸ) ಕುಡಿಯುತ್ತಿದ್ದರೆಂದು ಅವರೇ ವಿವರಿಸಿದ್ದಾರೆ. ಖದೀಜಾ(ರ) ತೀರಿಹೋಗಿ ವರ್ಷಗಳಾದ ಮೇಲೂ ಮನೆಯಲ್ಲಿ ಆಡು ಕಡಿದರೆ ಅವರ ಗೆಳತಿಯರಿಗೆ ಮಾಂಸ ಕಳಿಸುತ್ತಿದ್ದರು. ಸತ್ತವರಿಗೆ ಅದು ತಿಳಿಯಬೇಕೆಂದೇನೂ ಇಲ್ಲವಲ್ಲ. ಒಂದೇ ಬದುಕಿನಲ್ಲಿ ಹೇಳಿದ ಪ್ರೀತಿಯೂ ಇದೆ, ಹೇಳದ ಪ್ರೀತಿಯೂ ಇದೆ. ನಾವು ನಮಗೆ ಸುಲಭವಾದದ್ದನ್ನು ಮಾತ್ರ ಆರಿಸಿಕೊಂಡು ಉಳಿದದ್ದನ್ನು ಪದ್ಧತಿಯಲ್ಲವೆಂದು ತಳ್ಳಿಹಾಕಿದ್ದೇವೆ. ಪವಿತ್ರ ಕುರ್‌ಆನ್‌ನ ಅರ್ರೂಮ್ ಅಧ್ಯಾಯ ದಾಂಪತ್ಯದ ಬಗ್ಗೆ ಹೇಳುವಾಗ ಮವದ್ದತ್ ಮತ್ತು ರಹ್ಮತ್ ಎಂದು ಎರಡು ಶಬ್ದ ಬಳಸುತ್ತದೆ. ಮೊದಲನೆಯದನ್ನು ಪ್ರೀತಿಯೆಂದೂ ಎರಡನೆಯದನ್ನು ಕರುಣೆಯೆಂದೂ ಅನುವಾದಿಸುತ್ತಾರೆ. ಅರಬಿಯಲ್ಲಿ ಗರ್ಭಕೋಶಕ್ಕಿರುವ ಹೆಸರೂ ರಹ್ಮತ್ತಿನ ಧಾತುವಿನಿಂದಲೇ ಬಂದದ್ದು. ಒಂದೇ ಶಬ್ದ ಸಾಲದೆಂದೇ ಎರಡು ಬಂದಿರಬೇಕು ಎಂದು ನನ್ನ ಊಹೆ. ವಿದ್ವಾಂಸರು ತಿದ್ದಲಿ.

ಗಂಡಸರ ಪರವಾಗಿಯೂ ಒಂದು ಮಾತು ಹೇಳಬೇಕು. ಕೊಡುವವನಿಗೆ ಒಂದು ರೀತಿ, ಪಡೆಯುವವನಿಗೆ ಇನ್ನೊಂದು ರೀತಿ ಕಾಣುವುದು ಪ್ರೀತಿಯ ದೊಡ್ಡ ತೊಡಕು. ನಮ್ಮ ಪಕ್ಕದ ಮನೆಯವರು ಮಗ ಹುಟ್ಟುವ ಮೊದಲೇ ಹೋಗಿದ್ದರು. ಹುಡುಗನಿಗೆ ಮೂರು ವರ್ಷವಾದಾಗ ಬಂದರು. ಪೆಟ್ಟಿಗೆ ತೆರೆದು ನಿಡೋ ಹಾಲಿನ ಪುಡಿ, ಟ್ಯಾಂಗ್, ಬ್ಯಾಟರಿಯಲ್ಲಿ ಓಡುವ ಕಾರು, ಮೂರು ಅಳತೆಯ ಬೂಟುಗಳನ್ನು ಒಂದೊಂದಾಗಿ ತೆಗೆದಿಟ್ಟರು. ಮಗನ ಕಾಲು ಎಷ್ಟಿದೆಯೆಂದು ಗೊತ್ತಿಲ್ಲದ್ದರಿಂದ ಮೂರು ಅಳತೆ ತಂದಿದ್ದರು. ಹುಡುಗ ಕಾರು ತೆಗೆದುಕೊಂಡ, ಉಮ್ಮನ ಸೆರಗಿನ ಹಿಂದೆ ನಿಂತ. ರಾತ್ರಿಯಾದಾಗ, ಈ ಮಾಮ ಯಾವಾಗ ಮನೆಗೆ ಹೋಗುತ್ತಾರೆ ಎಂದು ಕೇಳಿದ. ಆ ತಂದೆ ಎದ್ದು ಅಂಗಳಕ್ಕೆ ಹೋದರು. ಮೂರು ವರ್ಷ ಅವರು ಮಾಡಿದ ಓವರ್‌ಟೈಮೆಲ್ಲ ಅವರ ಲೆಕ್ಕದಲ್ಲಿ ಆ ಮಗುವಿನ ಮೇಲಿನ ಪ್ರೀತಿಯೇ. ಮಗುವಿನ ಲೆಕ್ಕದಲ್ಲಿ ಅದು ಇರಲೇ ಇಲ್ಲ. ಇಬ್ಬರಲ್ಲಿ ಯಾರನ್ನು ತಪ್ಪೆನ್ನುವುದು? ಆ ಹುಡುಗ ಈಗ ನಲವತ್ತರ ಹತ್ತಿರದವನು, ಊರಲ್ಲೇ ಅಂಗಡಿಯಿಟ್ಟಿದ್ದಾನೆ. ವಿದೇಶಕ್ಕೆ ಹೋಗುವ ಅವಕಾಶ ಎರಡು ಸಲ ಬಂದಿತ್ತು, ಹೋಗಲಿಲ್ಲ. ಕಾರಣ ಕೇಳಿದರೆ ಮಗಳನ್ನು ಶಾಲೆಗೆ ಬಿಡಬೇಕಲ್ಲ ಎನ್ನುತ್ತಾನೆ.

ಬಾವಿಯ ಹಗ್ಗದವರು 27 ವರ್ಷ ದುಡಿದು 2009ರಲ್ಲಿ ಪೂರ್ತಿಯಾಗಿ ಊರಿಗೆ ಬಂದರು. ಮದುವೆಯಾದಾಗಿನಿಂದ ಅಲ್ಲಿಯವರೆಗೆ ಗಂಡ ಹೆಂಡತಿ ಒಂದೇ ಮಾಡಿನಡಿ ಇದ್ದ ದಿನಗಳನ್ನೆಲ್ಲ ಕೂಡಿಸಿದರೆ ನಾಲ್ಕು ವರ್ಷವೂ ಆಗುವುದಿಲ್ಲ. ಮೊದಲ ಕೆಲವು ತಿಂಗಳು ಇಬ್ಬರಿಗೂ ಕಷ್ಟವಾಯಿತಂತೆ. ಅವರು ಅಡುಗೆಮನೆಯ ಡಬ್ಬಗಳನ್ನು ತಮಗೆ ತೋಚಿದಂತೆ ಸಾಲಾಗಿ ಇಡುವುದು, ಇವರಿಗೆ ಉಪ್ಪು ಸಿಗದೆ ಸಿಟ್ಟು ಬರುವುದು. ಬಾವಿಗೆ ಈಗ ಪಂಪು ಇದೆ, ಹಗ್ಗವಿಲ್ಲ. ಮಾತ್ರೆಗಳಿವೆ. ರಕ್ತದೊತ್ತಡದ್ದು ಬೆಳಿಗ್ಗೆ, ಸಕ್ಕರೆಯದ್ದು ಊಟಕ್ಕೆ ಮೊದಲು. ಯಾವುದು ಎಷ್ಟು ಉಳಿದಿದೆಯೆಂದು ಅವರು ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಕಳೆದ ತಿಂಗಳು ಹೋಗಿದ್ದಾಗ ಆಕೆ ನನ್ನಲ್ಲಿ ದೂರಿದರು: ‘ಬೆಳಿಗ್ಗೆಯಿಂದ ಮೂರು ಸಲ ಕೇಳಿದರು, ಮಾತ್ರೆ ತೆಗೊಂಡೆಯಾ ಅಂತ. ನೀನು ಓದುತ್ತಿದ್ದ ಕಾಗದವೇ ವಾಸಿ ಮಾರಾಯ್ತಿ, ಅದು ಎರಡು ತಿಂಗಳಿಗೊಮ್ಮೆ ಕೇಳುತ್ತಿತ್ತು.’